ಪಾಠ ಒಂದೇ, ಮನೆ ಬೇರೆ ಬೇರೆ: ತರಗತಿಯಲ್ಲಿ ನಾನು ಬದಲಿಸಿದ ಕೆಲವು ಸಂಗತಿಗಳು

ನಾನು ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕಿ. ನನ್ನ ಮುಂದೆ ಕೂರುವ ಮಕ್ಕಳಿಗೆಲ್ಲ ಪಠ್ಯಪುಸ್ತಕ ಒಂದೇ, ಕೊಠಡಿ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಆದರೂ ಫಲಿತಾಂಶದ ಪಟ್ಟಿ ಹಿಡಿದು ನೋಡಿದರೆ ಬಹುಮಟ್ಟಿಗೆ ಮನೆಗಳ ಸ್ಥಿತಿಗತಿಯೇ ಕಾಣಿಸುತ್ತದೆ. ಓದಿದ ಅಪ್ಪ ಅಮ್ಮ ಇರುವವರು ಮೇಲೆ, ಕೂಲಿ ಮಾಡುವವರ ಮಕ್ಕಳು ಕೆಳಗೆ. ನಡುವೆ ಒಬ್ಬಿಬ್ಬರು ಬೇರೆ ಥರ ಇರುತ್ತಾರೆ. ಅವರನ್ನೇ ತೋರಿಸಿ "ನೋಡಿ, ಮನಸ್ಸಿದ್ದರೆ ಮಾರ್ಗ" ಅನ್ನುವವರು ಬಹಳ ಜನ. ಆ ಮಾತನ್ನು ನಾನು ಒಪ್ಪುವುದಿಲ್ಲ. ಒಬ್ಬಿಬ್ಬರು ದಾಟಿದರು ಅಂದ ಮಾತ್ರಕ್ಕೆ ಉಳಿದವರಿಗೂ ದಾರಿ ಇತ್ತು ಅಂತ ಆಗುವುದಿಲ್ಲ.

ಬಡತನ, ಜಾತಿ, ಮನೆಮಾತು, ಹೆಣ್ಣು ಗಂಡು ಅನ್ನುವ ಭೇದ. ಇವನ್ನು ಒಬ್ಬ ಶಿಕ್ಷಕಿ ಅಳಿಸಿಹಾಕಲು ಆಗುವುದಿಲ್ಲ. ಆದರೆ ಇವು ಅಂಕಗಳಾಗಿ ಮಾರ್ಪಡುವ ಜಾಗಗಳಲ್ಲಿ ಎಷ್ಟೋ ತರಗತಿಯ ಒಳಗೇ ಇವೆ. ಅಲ್ಲಿ ಕೈ ಹಾಕಬಹುದು. ಅದಕ್ಕೆ ನಾನು ಬಳಸಿದ್ದು ಒಂದೇ ಒಂದು ಪ್ರಶ್ನೆ. ಮಕ್ಕಳಿಗೆ ಯಾವ ಕೆಲಸ ಕೊಡುವ ಮೊದಲೂ ಅದನ್ನು ಕೇಳಿಕೊಳ್ಳುತ್ತೇನೆ: ಇದನ್ನು ಮಾಡಿ ಮುಗಿಸಲು ಮಗುವಿನ ಮನೆಯಲ್ಲಿ ಏನೇನು ಇರಬೇಕು?

ಶುರು ಮಾಡಿದ್ದು ಪ್ರಾಜೆಕ್ಟ್‌ನಿಂದ. ಜೀರ್ಣಾಂಗಗಳ ಮಾದರಿ ಮಾಡಿಕೊಂಡು ಬನ್ನಿ ಅಂತ ಎಲ್ಲ ಶಾಲೆಗಳಲ್ಲೂ ಹೇಳುತ್ತಾರೆ. ಒಂದು ಹಾಳೆ ತೆಗೆದುಕೊಂಡು, ಆ ಮಾದರಿಗೆ ಬೇಕಾದದ್ದನ್ನೆಲ್ಲ ಬರೆಯುತ್ತಾ ಹೋದೆ. ಥರ್ಮೋಕೋಲ್, ಬಣ್ಣ, ಅಂಟು, ಅಂದರೆ ದುಡ್ಡು. ಅದನ್ನು ತಂದುಕೊಡಲು ಸಂಜೆ ಬಿಡುವಾಗಿರುವ ದೊಡ್ಡವರೊಬ್ಬರು. ಚಿತ್ರ ಹುಡುಕಲು ಫೋನು, ಅದರಲ್ಲಿ ಡೇಟಾ. ಹೆಸರುಗಳನ್ನು ಅಚ್ಚುಕಟ್ಟಾಗಿ ಅಂಟಿಸಲು ಪ್ರಿಂಟ್. ಬಣ್ಣ ಒಣಗುವವರೆಗೆ ಯಾರೂ ತುಳಿಯದಂಥ ಒಂದು ಮೂಲೆ. ಬೆಳಗ್ಗೆ ಅದು ಮುರಿಯದ ಹಾಗೆ ಶಾಲೆಗೆ ತಲುಪಿಸಲು ಗಾಡಿ. ಜೀರ್ಣಾಂಗದ ಬಗ್ಗೆ ಮಗುವಿಗೆ ಗೊತ್ತಿರಬೇಕಾದದ್ದು ಆ ಪಟ್ಟಿಯಲ್ಲಿ ಕೊನೆಯ ಒಂದು ಸಾಲು, ಅಷ್ಟೇ. ಮಿಕ್ಕಿದ್ದೆಲ್ಲ ಮನೆಯ ಪರೀಕ್ಷೆ. ಅದಕ್ಕೆ ಅಂಕ ಮಾತ್ರ ಮಗುವಿನ ಹೆಸರಿನಲ್ಲಿ.

ಪ್ರಾಜೆಕ್ಟ್ ನಿಲ್ಲಿಸಲಿಲ್ಲ, ಅದನ್ನು ಮಾಡುವ ಜಾಗ ಬದಲಿಸಿದೆ. ಈಗ ಮಾದರಿಗಳೆಲ್ಲ ತರಗತಿಯಲ್ಲೇ, ಶಾಲೆಯ ಸಮಯದಲ್ಲೇ ಆಗುತ್ತವೆ. ರಟ್ಟು, ದಾರ, ಬಟ್ಟೆ ಚೂರು, ಖಾಲಿ ಡಬ್ಬಿ ಎಲ್ಲ ಒಂದು ಪೆಟ್ಟಿಗೆಯಲ್ಲಿ ಇರುತ್ತವೆ. ಎಲ್ಲರೂ ಅದರಿಂದಲೇ ಮಾಡಬೇಕು, ಹೊರಗಿನಿಂದ ಏನೂ ತರುವ ಹಾಗಿಲ್ಲ. ಅಂದಕ್ಕೆ ಅಂಕ ಇಲ್ಲ. ಮಾದರಿಯನ್ನು ಕೈಯಲ್ಲಿ ಹಿಡಿದು ವಿವರಿಸಿದರೆ ಅದಕ್ಕೆ ಅಂಕ.

ಮೊದಲ ಸಲವೇ ಒಬ್ಬ ಹುಡುಗಿ ನನ್ನನ್ನು ಬೆರಗಾಗಿಸಿದಳು. ಮನೆಯಲ್ಲಿ ಮಾಡಿ ತರುವ ಪ್ರಾಜೆಕ್ಟ್ ಒಂದನ್ನೂ ಕೊಡದೆ ಸುಮ್ಮನೆ ಕೂರುತ್ತಿದ್ದವಳು ಅವಳು. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ ಅಂತ ಪಾಠದಲ್ಲಿ ಬರುತ್ತದೆ. ಅವಳು ಸ್ಕೇಲ್ ಇಟ್ಟು ಅಷ್ಟೂ ಉದ್ದದ ದಾರ ಅಳೆದಳು. ಮಡಚಿ ಮಡಚಿ ಒಂದು ಚಿಕ್ಕ ಡಬ್ಬಿಯೊಳಗೆ ತುರುಕಿದಳು. "ಜಾಗ ಕಮ್ಮಿ ಮಿಸ್, ಅದಕ್ಕೇ ಸುತ್ತಿಕೊಂಡಿದೆ. ಆದ್ರೆ ಉದ್ದ ಬೇಕೇ ಬೇಕು. ನಿಧಾನಕ್ಕೆ ಹೋದ್ರೆ ತಾನೇ ಎಲ್ಲಾ ಹೀರ್ಕೊಳ್ಳೋಕಾಗೋದು?" ಅಂದಳು. ಪುಸ್ತಕದ ಎರಡು ಪ್ಯಾರಾ ಅವಳ ಮೂರು ಮಾತಿನಲ್ಲಿತ್ತು. ಈ ಹುಡುಗಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂತ ಅವಳ ಹಳೆಯ ವರದಿಯಲ್ಲಿ ಬರೆದಿತ್ತು.

ಹೋಂವರ್ಕ್‌ಗೂ ಇದೇ ಪ್ರಶ್ನೆ ಹಾಕಿದೆ. ಹೊಸ ವಿಷಯವನ್ನು ಮನೆಗೆ ಕಳಿಸುವುದನ್ನು ಬಿಟ್ಟೆ. ಮನೆಗೆ ಹೋಗುವುದು ತರಗತಿಯಲ್ಲಿ ಮಾಡಿದ್ದರ ಅಭ್ಯಾಸ ಮಾತ್ರ. ಅದೂ ಯಾರ ಸಹಾಯವೂ ಇಲ್ಲದೆ, ಅರ್ಧ ಗಂಟೆಯಲ್ಲಿ ಮುಗಿಯುವಷ್ಟು. ಉಳಿದದ್ದಕ್ಕೆ ಶಾಲೆ ಬಿಟ್ಟ ಮೇಲೆ ಕೊಠಡಿ ತೆರೆದಿಟ್ಟರೆ ಸಾಕು ಅಂತ ಕೆಲವರು ಸಲಹೆ ಕೊಟ್ಟರು. ತೆರೆದಿಟ್ಟೂ ನೋಡಿದೆ. ಉಳಿದುಕೊಂಡವರಲ್ಲಿ ಹುಡುಗರೇ ಜಾಸ್ತಿ. ಹುಡುಗಿಯರು ಗಂಟೆ ಹೊಡೆದ ಕೂಡಲೇ ಹೊರಟುಬಿಡುತ್ತಿದ್ದರು. ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು, ನೀರು ಹಿಡಿಯಬೇಕು, ಕತ್ತಲಾಗುವ ಮೊದಲು ಮನೆ ಸೇರಬೇಕು. ಶಾಲೆ ಬಿಟ್ಟ ಮೇಲೆ ಸಿಗುವ ಯಾವ ಸೌಲಭ್ಯವೂ ಇವರಿಗೆ ಸಿಕ್ಕ ಹಾಗಲ್ಲ. ಹಾಗಾಗಿ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ, ವೇಳಾಪಟ್ಟಿಯ ಒಳಗೇ ಕೊನೆಯ ಅವಧಿಯಲ್ಲಿ ಒಂದಿಷ್ಟು ಹೊತ್ತು ಬಿಡಿಸಿಕೊಂಡೆ. ಆ ಹೊತ್ತಿನಲ್ಲಿ ಪಾಠ ಇಲ್ಲ. ಬರೆಯುವುದು, ಕೇಳುವುದು, ತಿದ್ದಿಕೊಳ್ಳುವುದು.

ಇದಕ್ಕೆ ವಿರೋಧ ಬರಲಿಲ್ಲ ಅಂತೇನಿಲ್ಲ. "ನಮ್ಮ ಮಗನಿಗೆ ಹೋಂವರ್ಕೇ ಇರೋದಿಲ್ಲ, ಹಿಂದೆ ಬಿದ್ದುಬಿಡ್ತಾನೆ" ಅಂತ ಒಬ್ಬ ತಂದೆ ಬಂದು ಬೇಸರ ಮಾಡಿಕೊಂಡರು. ಅವರ ಆತಂಕ ನನಗೆ ಅರ್ಥವಾಯಿತು. ಮನೆಯಲ್ಲಿ ಕೂತು ಹೇಳಿಕೊಡುವುದು ಅವರು ಮಗನಿಗೆ ತೋರಿಸುವ ಪ್ರೀತಿ. ಅದನ್ನು ಬಿಡಿ ಅಂತ ನಾನು ಹೇಳಲಿಲ್ಲ. "ನೀವು ಹೇಳಿಕೊಡಿ ಸರ್. ಆದರೆ ನಿಮ್ಮ ಹಾಗೆ ಹೇಳಿಕೊಡುವವರು ಇಲ್ಲದ ಮಗುವಿನ ಅಂಕ ಅದರಿಂದ ಕಡಿಮೆ ಆಗಬಾರದು" ಅಂದೆ. ಮಗನ ಕಿರುಪರೀಕ್ಷೆಯ ಹಾಳೆಗಳನ್ನು ತೋರಿಸಿದೆ. ಅವನೇನೂ ಹಿಂದೆ ಬಿದ್ದಿರಲಿಲ್ಲ.

ಮನೆಯ ಸ್ಥಿತಿಯೇ ಅಂಕವಾಗಿ ಕಾಣಿಸುತ್ತದೆ ಅನ್ನುವುದು ನನ್ನೊಬ್ಬಳ ಅನಿಸಿಕೆ ಅಲ್ಲ. ಅಮೆರಿಕದಲ್ಲಿ 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದ ತಂಡ ದೊಡ್ಡದೊಂದು ವರದಿ ಕೊಟ್ಟಿತು. ಸುಮಾರು 4,000 ಶಾಲೆಗಳ 6 ಲಕ್ಷಕ್ಕೂ ಹೆಚ್ಚು ಮಕ್ಕಳ ಸಮೀಕ್ಷೆ ಅದು. ಮಕ್ಕಳ ಅಂಕಗಳ ನಡುವಿನ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಖರ್ಚಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಅಂತ ಅದರಲ್ಲಿ ಕಂಡುಬಂತು. "ಹಾಗಾದರೆ ಶಾಲೆಯಿಂದ ಏನೂ ಆಗುವುದಿಲ್ಲ" ಅಂತ ತುಂಬಾ ಜನ ಅದನ್ನು ಓದಿಕೊಂಡರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ: ಒಳ್ಳೆಯ ಶಿಕ್ಷಕರಿಂದ ಆಗುವ ವ್ಯತ್ಯಾಸ ಹಿಂದುಳಿದ ಮಕ್ಕಳಲ್ಲೇ ಹೆಚ್ಚು. ಬಾಲ್ಟಿಮೋರ್ ನಗರದಲ್ಲಿ 1982ರಲ್ಲಿ ಒಂದನೇ ತರಗತಿ ಸೇರಿದ ಮಕ್ಕಳನ್ನು ಕಾರ್ಲ್ ಅಲೆಕ್ಸಾಂಡರ್, ಡೋರಿಸ್ ಎಂಟ್‌ವಿಸಲ್ ಮತ್ತು ಅವರ ಜೊತೆಯವರು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದರು. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡ ಮಕ್ಕಳೂ ಅನುಕೂಲಸ್ಥರ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕಲಿತಿದ್ದರು. ಅಂತರ ಬೆಳೆದದ್ದು ಬೇಸಿಗೆ ರಜೆಯಲ್ಲಿ. ಆ ಅಂತರ ಅಷ್ಟು ದೊಡ್ಡದೇ ಅಂತ ಆಮೇಲೆ ಬೇರೆ ಸಂಶೋಧಕರು ಪ್ರಶ್ನೆ ಎತ್ತಿದ್ದಾರೆ. ನನಗೆ ಮಾತ್ರ ಅದು ದಿಕ್ಕು ತೋರಿಸಿತು. ಶಾಲೆಯ ಹೊತ್ತು ಬಡ ಮಗುವಿಗೆ ಸಿಗುವ ದೊಡ್ಡ ಆಸ್ತಿ. ಅದರೊಳಗೆ ಆಗಬೇಕಾದ ಕಲಿಕೆಯನ್ನು ಮನೆಗೆ ತಳ್ಳಿದರೆ ಆ ಆಸ್ತಿಯನ್ನೇ ಕಿತ್ತುಕೊಂಡ ಹಾಗೆ.

ಇನ್ನು ತರಗತಿಯೊಳಗಿನ ಮಾತು. ಸಹಾಯ ಕೇಳುವುದು ಕೂಡ ಮನೆಯಿಂದ ಬರುವ ಅಭ್ಯಾಸ ಅನ್ನುವುದು ಬಹಳ ಶಿಕ್ಷಕರ ಗಮನಕ್ಕೆ ಬರುವುದಿಲ್ಲ. ಜೆಸಿಕಾ ಕಲಾರ್ಕೊ ಎಂಬ ಸಮಾಜಶಾಸ್ತ್ರಜ್ಞೆ ಒಂದೇ ಶಾಲೆಯ ಮಕ್ಕಳನ್ನು ಮೂರರಿಂದ ಐದನೇ ತರಗತಿವರೆಗೆ ಕೂತು ಗಮನಿಸಿ, 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಧ್ಯಮ ವರ್ಗದ ಮಕ್ಕಳು ಗೊತ್ತಾಗದಿದ್ದರೆ ನೇರವಾಗಿ ಕೇಳುತ್ತಾರೆ, ಶಿಕ್ಷಕರ ಮಾತನ್ನು ಮಧ್ಯದಲ್ಲಿ ನಿಲ್ಲಿಸಿಯೂ ಕೇಳುತ್ತಾರೆ. ದುಡಿಯುವ ವರ್ಗದ ಮಕ್ಕಳು ಶಿಕ್ಷಕರಿಗೆ ತೊಂದರೆ ಕೊಡಬಾರದು ಅಂತ ಸುಮ್ಮನಿರುತ್ತಾರೆ. ಹಾಗೆ ಕೇಳುವವರಿಗೆ ಹೆಚ್ಚು ಸಹಾಯ ಸಿಗುತ್ತದೆ. ಯಾರೂ ಭೇದ ಮಾಡಬೇಕು ಅಂತ ಮಾಡಿದ್ದಲ್ಲ. ಆದರೂ ಭೇದ ಆಗಿಹೋಯಿತು, ಅಲ್ವಾ?

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಲೆಕ್ಕ ಬರುವ ಪ್ರಶ್ನೆ ಕೊಟ್ಟಾಗ ಅವನ ಪೆನ್ಸಿಲ್ ಯಾವಾಗಲೂ ಓಡುತ್ತಲೇ ಇರುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಬರೆದದ್ದು ಪ್ರಶ್ನೆಯೇ. ಒಂದು ಸಲ ಬರೆದು ಮುಗಿಸಿ, ಅದರ ಅಕ್ಷರಗಳ ಮೇಲೇ ಮತ್ತೆ ತಿದ್ದುತ್ತಿದ್ದ. ಕೈ ನಿಂತರೆ ಗೊತ್ತಿಲ್ಲ ಅಂತ ಕಂಡುಬಿಡುತ್ತದಲ್ಲ, ಅದಕ್ಕೆ. "ಯಾಕೋ ಕೇಳಲಿಲ್ಲ?" ಅಂದರೆ "ನೀವು ಹೇಳಿಕೊಟ್ಟಿದ್ರಲ್ಲ ಮಿಸ್, ಮತ್ತೆ ಕೇಳಿದ್ರೆ ಚೆನ್ನಾಗಿರಲ್ಲ" ಅಂದ. ಮನೆಯಲ್ಲಿ ಅವನಿಗೆ ಕಲಿಸಿದ ಮರ್ಯಾದೆ ಅದು. ಮರ್ಯಾದೆಯಿಂದ ನಡೆದುಕೊಂಡ ಮಗುವಿಗೇ ನಷ್ಟ ಆಗುವುದು ಯಾವ ನ್ಯಾಯ?

ಆವತ್ತಿನಿಂದ "ಡೌಟ್ ಇದೆಯಾ?" ಅಂತ ಕೇಳುವುದನ್ನು ನಂಬುವುದು ಬಿಟ್ಟೆ. ಆ ಪ್ರಶ್ನೆಗೆ ಏಳುವ ಕೈಗಳು ಯಾವಾಗಲೂ ಅವೇ. ಬದಲಿಗೆ ಪ್ರತಿಯೊಬ್ಬರಿಗೂ ಒಂದು ಚೀಟಿ. ಇವತ್ತು ಎಲ್ಲಿವರೆಗೆ ಅರ್ಥವಾಯಿತು, ಎಲ್ಲಿ ನಿಂತಿತು ಅಂತ ಎಲ್ಲರೂ ಬರೆಯಲೇಬೇಕು. ಏನೂ ಡೌಟ್ ಇಲ್ಲದವರು ತಾವೇ ಒಂದು ಪ್ರಶ್ನೆ ಮಾಡಿ ಬರೆಯಬೇಕು. ಎಲ್ಲರೂ ಬರೆಯುವಾಗ ಕೇಳುವುದು ಅವಮಾನ ಅನಿಸುವುದಿಲ್ಲ. ಮಕ್ಕಳು ಕೆಲಸ ಮಾಡುವಾಗ ನಾನು ಓಡಾಡುವ ದಾರಿಯನ್ನೂ ಬದಲಿಸಿದೆ. ಕರೆದವರ ಹತ್ತಿರ ಮೊದಲು ಹೋಗುವುದಿಲ್ಲ. ಚೀಟಿ ನೋಡಿ, ಸಿಕ್ಕಿಹಾಕಿಕೊಂಡವರಿಂದ ಶುರು ಮಾಡುತ್ತೇನೆ.

ಇದರ ಜೊತೆಗೇ ಕಾಯುವುದು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡ್ ಅಷ್ಟೇ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಅದನ್ನು 3 ಸೆಕೆಂಡ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ. ಜಾಣರು ಅಂತ ಶಿಕ್ಷಕರು ಅಂದುಕೊಂಡವರಿಗೆ ಹೆಚ್ಚು ಹೊತ್ತು ಕಾಯುತ್ತಾರೆ, ಉಳಿದವರಿಗೆ ಕಡಿಮೆ ಅನ್ನುವುದನ್ನೂ ಅವರು ಗುರುತಿಸಿದ್ದರು. ನಾನು ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಹೇಳುವಷ್ಟು ಸುಲಭ ಅಲ್ಲ ಇದು. ಮೊದಲು ತುಂಬಾ ಮುಜುಗರ ಆಗುತ್ತದೆ, ಮುಂದಿನ ಬೆಂಚಿನವರು ಚಡಪಡಿಸುತ್ತಾರೆ. ಪಟ್ಟು ಹಿಡಿದರೆ ಅಭ್ಯಾಸ ಆಗುತ್ತದೆ.

ಉತ್ತರ ಪತ್ರಿಕೆ ತಿದ್ದುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ರೆಮಾ ಹನ್ನಾ ಮತ್ತು ಲೀ ಲಿಂಡನ್ ಭಾರತದಲ್ಲಿ ಮಾಡಿದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಜಾತಿ, ಲಿಂಗ, ವಯಸ್ಸಿನ ವಿವರಗಳನ್ನು ಲಾಟರಿ ಎತ್ತಿದ ಹಾಗೆ ಬರೆದು ಶಿಕ್ಷಕರಿಗೆ ಕೊಟ್ಟರು. ಕೆಳಜಾತಿ ಅಂತ ಗುರುತು ಹಾಕಿದ ಪತ್ರಿಕೆಗಳಿಗೆ ಕಡಿಮೆ ಅಂಕ ಬಂತು. ವ್ಯತ್ಯಾಸ ದೊಡ್ಡದಲ್ಲ, ಆದರೆ ಇತ್ತು. ಪ್ರತಿ ಪರೀಕ್ಷೆಯಲ್ಲೂ, ಪ್ರತಿ ವರ್ಷವೂ ಒಂದೊಂದು ಅಂಕ ಹಾಗೆ ಸೋರಿದರೆ ಕೊನೆಗೆ ಒಂದು ಮಗುವಿನ ಪಾಲಿಗೆ ಅದು ಸೀಟು ಸಿಗುವ, ಸಿಗದಿರುವ ಮಾತು. ನಮ್ಮ ಶಾಲೆಯ ಕಿರುಪರೀಕ್ಷೆಗಳಲ್ಲಿ ಈಗ ಹೆಸರು ಹಾಳೆಯ ಹಿಂದೆ ಬರೆಯುತ್ತಾರೆ. ಎಲ್ಲರ ಒಂದನೇ ಪ್ರಶ್ನೆ ತಿದ್ದಿ ಆದ ಮೇಲೆ ಎರಡನೆಯದಕ್ಕೆ ಹೋಗುತ್ತೇನೆ. ಆಗ ಒಂದು ಉತ್ತರದ ಛಾಯೆ ಇನ್ನೊಂದರ ಮೇಲೆ ಬೀಳುವುದಿಲ್ಲ. ಕೈಬರಹದಿಂದ ಗುರುತು ಹತ್ತುತ್ತದೆ, ನಿಜ. ಹಾಗಾಗಿ ಅಂತಿಮ ಪರೀಕ್ಷೆಗಳಲ್ಲಿ ನಾನೂ ಸಹೋದ್ಯೋಗಿಯೊಬ್ಬರೂ ಪತ್ರಿಕೆಗಳನ್ನು ಅದಲುಬದಲು ಮಾಡಿಕೊಳ್ಳುತ್ತೇವೆ.

ಭಾಷೆಯದ್ದು ಇನ್ನೂ ಸೂಕ್ಷ್ಮ. ಪುಸ್ತಕದ ಮಾತೇ ಮನೆಮಾತಾಗಿರುವ ಮಗು ಅರ್ಧ ಗೊತ್ತಿದ್ದರೂ ಚೆನ್ನಾಗಿ ಬರೆಯುತ್ತದೆ. ಬೇರೆ ಮಾತು ಆಡುವ ಮನೆಯಿಂದ ಬಂದ ಮಗು ಪೂರ್ತಿ ಗೊತ್ತಿದ್ದರೂ ಬರಹದಲ್ಲಿ ತಡವರಿಸುತ್ತದೆ. ಓದುವ ಶಿಕ್ಷಕರಿಗೆ ಮೊದಲನೆಯದು ಜಾಣತನ, ಎರಡನೆಯದು ದಡ್ಡತನ ಅನಿಸಿಬಿಡುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ಇಂಥದ್ದನ್ನೇ ಸಾಂಸ್ಕೃತಿಕ ಬಂಡವಾಳ ಅಂತ ಕರೆದರು: ಮನೆಯಿಂದ ಸಿಕ್ಕ ಮಾತು, ನಡೆ, ಅಭಿರುಚಿಯನ್ನೇ ಶಾಲೆ ಹುಟ್ಟಿನಿಂದ ಬಂದ ಪ್ರತಿಭೆ ಅಂತ ಗುರುತಿಸಿ ಬಹುಮಾನ ಕೊಡುತ್ತದೆ. ನಾನು ವಿಜ್ಞಾನದ ಉತ್ತರಕ್ಕೆ ಎರಡು ಕಡೆ ಗುರುತು ಹಾಕುತ್ತೇನೆ. ವಿಷಯಕ್ಕೆ ಅಂಕ, ಭಾಷೆಗೆ ಬರೀ ತಿದ್ದುಪಡಿ. ಭಾಷೆ ಮುಖ್ಯ ಅಲ್ಲ ಅಂತಲ್ಲ, ತುಂಬಾ ಮುಖ್ಯ. ಅದಕ್ಕೇ ಪುಸ್ತಕದ ಭಾಷೆಯಲ್ಲಿ ಬರೆಯುವುದು ಹೇಗೆ ಅಂತ ತರಗತಿಯಲ್ಲಿ ಬೇರೆಯಾಗಿ, ಬಿಡಿಸಿ ಹೇಳಿಕೊಡುತ್ತೇನೆ. ಕಲಿಸದೇ ಇದ್ದದ್ದಕ್ಕೆ ಅಂಕ ಕಳೆಯುವುದು ತಪ್ಪು.

ಮಕ್ಕಳನ್ನು "ಜಾಣರ ಸೆಕ್ಷನ್", "ದಡ್ಡರ ಸೆಕ್ಷನ್" ಅಂತ ಒಡೆಯುವುದರ ಬಗ್ಗೆ ನನ್ನ ನಿಲುವು ಗಟ್ಟಿ: ಒಡೆಯಬಾರದು. ಫಿನ್ಲೆಂಡ್ ಹಿಂದೆ ಹನ್ನೊಂದು ವರ್ಷದ ಸುಮಾರಿಗೇ ಮಕ್ಕಳನ್ನು ಬೇರೆ ಬೇರೆ ದಾರಿಗೆ ಹಚ್ಚುತ್ತಿತ್ತು. 1972ರಿಂದ 1977ರ ನಡುವೆ ಒಂದೊಂದೇ ಪ್ರದೇಶದಲ್ಲಿ ಅದನ್ನು ತೆಗೆದು, ಹದಿನಾರರವರೆಗೆ ಎಲ್ಲರಿಗೂ ಒಂದೇ ಶಾಲೆ ಮಾಡಿದರು. ಅಪ್ಪನ ಆದಾಯಕ್ಕೂ ಮಗನ ಆದಾಯಕ್ಕೂ ಇದ್ದ ನಂಟು ಆ ಬದಲಾವಣೆಯಿಂದ ಸಡಿಲವಾಯಿತು ಅಂತ ಆಮೇಲಿನ ಸಂಶೋಧನೆ ಹೇಳಿತು. ಅಷ್ಟು ದೊಡ್ಡ ಬದಲಾವಣೆ ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿರುವುದು ಗುಂಪುಗಳು. ಅವು ಪಾಠದಿಂದ ಪಾಠಕ್ಕೆ ಬದಲಾಗುತ್ತವೆ. ಒಂದೇ ಗುಂಪಿನಲ್ಲಿ ಯಾರೂ ಬೇರು ಬಿಡುವಷ್ಟು ಕಾಲ ಇರುವುದಿಲ್ಲ.

ಇನ್ನೊಂದು, ಎಲ್ಲರೆದುರು ಪಟ್ಟಿ ಓದುವುದು. ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಉಚಿತ ಪುಸ್ತಕ, ಯಾವುದೇ ಇರಲಿ, "ಇಂಥವರು ಎದ್ದು ನಿಲ್ಲಿ" ಅನ್ನುವುದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟು ನೋಡಿದ್ದರು. ಜಾತಿ ಹೇಳದಿದ್ದಾಗ ಮೇಲ್ಜಾತಿ, ಕೆಳಜಾತಿ ಹುಡುಗರು ಹೆಚ್ಚುಕಡಿಮೆ ಸಮನಾಗಿ ಬಿಡಿಸಿದರು. ಎಲ್ಲರೆದುರು ಜಾತಿ ಹೇಳಿದ ಮೇಲೆ ಕೆಳಜಾತಿ ಹುಡುಗರು ಬಿಡಿಸಿದ ಒಗಟುಗಳು ಕಡಿಮೆಯಾದವು. ಹುಡುಗರು ಅದೇ ಥರದವರು, ಒಗಟುಗಳೂ ಅವೇ. ಹೇಳಿದ್ದು ಒಂದೇ ಮಾತು. ಇದನ್ನು ಓದಿದ ಮೇಲೆ ನಮ್ಮ ಕಚೇರಿಯವರ ಹತ್ತಿರ ಕೂತು ಮಾತಾಡಿದೆ. ಈಗ ಎಲ್ಲ ಮಕ್ಕಳಿಗೂ ಮುಚ್ಚಿದ ಲಕೋಟೆ ಹೋಗುತ್ತದೆ. ಕೆಲವರದರಲ್ಲಿ ಅರ್ಜಿ ಇರುತ್ತದೆ, ಉಳಿದವರದರಲ್ಲಿ ಸಾಮಾನ್ಯ ಸೂಚನೆ. ಸ್ವಲ್ಪ ಹೆಚ್ಚು ಕೆಲಸ, ಆದರೆ ಕಚೇರಿಯವರು ಬೇಸರ ಮಾಡಿಕೊಳ್ಳದೆ ಮಾಡುತ್ತಿದ್ದಾರೆ. ಅವರ ಬಗ್ಗೆ ನನಗೆ ಗೌರವ ಇದೆ.

ಪೋಷಕರ ಸಭೆಗೆ ಬಾರದವರನ್ನು "ಅವರಿಗೆ ಮಕ್ಕಳ ಓದಿನ ಕಾಳಜಿ ಇಲ್ಲ" ಅನ್ನುವುದು ಸಿಬ್ಬಂದಿ ಕೊಠಡಿಯಲ್ಲಿ ಕೇಳಿಬರುವ ಮಾತು. ಕೆಲಸದ ದಿನ ಬೆಳಗ್ಗೆ ಸಭೆ ಇಟ್ಟರೆ ದಿನಗೂಲಿಯವರು ಹೇಗೆ ಬರುತ್ತಾರೆ? ಒಂದು ದಿನದ ಸಂಬಳ ಹೋಗುತ್ತದೆ. ಬಂದರೂ ಅವರಿಗೆ ಸಿಗುವುದು ದೂರು. ನಾನು ಸಭೆಯ ಹೊತ್ತನ್ನು ಅವರನ್ನೇ ಕೇಳಿ ಇಟ್ಟುಕೊಂಡೆ. ಬರಲಾಗದವರಿಗೆ ಫೋನ್ ಮಾಡುತ್ತೇನೆ. ಫೋನಿನಲ್ಲಿ ಮೊದಲ ಮಾತು ಮಗು ಚೆನ್ನಾಗಿ ಮಾಡಿದ ಒಂದು ಕೆಲಸದ ಬಗ್ಗೆ. ಒಬ್ಬ ತಾಯಿ ನನ್ನ ಹೆಸರು ಕೇಳಿದ ಕೂಡಲೇ "ಏನು ತಪ್ಪು ಮಾಡಿದ ಟೀಚರೇ?" ಅಂದರು. ಏನೂ ಇಲ್ಲಮ್ಮ, ಕಾಂತದ ಪ್ರಯೋಗ ಎಲ್ಲರಿಗಿಂತ ಚೆನ್ನಾಗಿ ವಿವರಿಸಿದ, ಅದನ್ನು ಹೇಳೋಣ ಅಂತ ಮಾಡಿದೆ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಅವನು ಮನೆಯಲ್ಲಿ ಹಳೆಯ ರೇಡಿಯೋ ಬಿಚ್ಚಿ ಜೋಡಿಸಿದ್ದನ್ನು ಅವರೇ ಹೇಳತೊಡಗಿದರು. ಮುಂದಿನ ಪಾಠಕ್ಕೆ ಆ ರೇಡಿಯೋ ತರಿಸಿಕೊಂಡೆ.

ಇಷ್ಟೆಲ್ಲ ಮಾಡಿಯೂ ಫಲಿತಾಂಶದ ಪಟ್ಟಿ ತಲೆಕೆಳಗಾಗಿಲ್ಲ. ಮನೆಯ ಸಾಲು ಇನ್ನೂ ಅದರಲ್ಲಿ ಕಾಣುತ್ತದೆ, ಮೊದಲಿನಷ್ಟು ಅಚ್ಚೊತ್ತಿದ ಹಾಗೆ ಇಲ್ಲ ಅಷ್ಟೇ. ಟ್ಯೂಷನ್ ಇರುವವರು ಪರೀಕ್ಷೆಯ ತಿಂಗಳಲ್ಲಿ ಮುಂದೆ ಹೋಗುತ್ತಾರೆ. ಕೆಲಸಕ್ಕೆ ಹೋಗಬೇಕಾದ ಮಗು ಹಾಜರಿಯಲ್ಲೇ ಇರುವುದಿಲ್ಲ. ಬಾರದ ಮಗುವಿಗೆ ಚೀಟಿ, ಪೆಟ್ಟಿಗೆ, ಲಕೋಟೆ ಯಾವುದೂ ತಲುಪುವುದಿಲ್ಲ. ಅದಕ್ಕೆ ಸರ್ಕಾರ ಬೇಕು, ಕೂಲಿ ಹೆಚ್ಚಬೇಕು, ಕಾನೂನು ನಡೆಯಬೇಕು.

ಸದ್ಯಕ್ಕೆ ನಮ್ಮ ಶಾಲೆಯಲ್ಲಿ ಚರ್ಚೆ ನಡೆಯುತ್ತಿರುವುದು ಶೈಕ್ಷಣಿಕ ಪ್ರವಾಸದ ಬಗ್ಗೆ. ದುಡ್ಡು ಕಟ್ಟಿದವರು ಹೋಗುತ್ತಾರೆ, ಕಟ್ಟದವರು ಆವತ್ತು ಖಾಲಿ ತರಗತಿಯಲ್ಲಿ ಕೂರುತ್ತಾರೆ. ಮರಳಿ ಬಂದ ಮೇಲೆ ಪ್ರವಾಸದ ವರದಿಗೆ ಅಂಕವೂ ಇದೆ. ಎಲ್ಲರೂ ಬರಲಾಗದ ಪ್ರವಾಸಕ್ಕೆ ಅಂಕ ಇಡಬಾರದು, ಇಡುವುದಾದರೆ ಎಲ್ಲರನ್ನೂ ಕರೆದುಕೊಂಡು ಹೋಗಬಹುದಾದ ಹತ್ತಿರದ ಜಾಗ ಆರಿಸಬೇಕು ಅಂತ ಕೇಳಿದ್ದೇನೆ. ಕೆಲವು ಸಹೋದ್ಯೋಗಿಗಳು ಒಪ್ಪಿದ್ದಾರೆ, ಕೆಲವರಿಗೆ ಇಷ್ಟವಿಲ್ಲ. ಮುಂದಿನ ಸಿಬ್ಬಂದಿ ಸಭೆಗೆ ನಡೆದುಕೊಂಡೇ ಹೋಗಿ ಬರಬಹುದಾದ ಜಾಗಗಳ ಪಟ್ಟಿ ಮಾಡುತ್ತಿದ್ದೇನೆ. ಒಂದೊಂದು ಜಾಗದ ಪಕ್ಕದಲ್ಲಿ ಅಲ್ಲಿ ಕಲಿಸಬಹುದಾದ ಪಾಠದ ಹೆಸರನ್ನೂ ಬರೆಯುತ್ತಿದ್ದೇನೆ.